ಜಾಹೀರಾತು, ಛಾಯಾಚಿತ್ರ, ಸಾಲ: ಜಾನ್ಸನ್ ಪಬ್ಲಿಷಿಂಗ್ ಕಂಪನಿಯ ಪ್ರಕರಣ ಅಧ್ಯಯನ

ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೇ, 1945ರ ನವೆಂಬರ್‌ನಲ್ಲಿ, ಅಮೆರಿಕದ ಶಿಕಾಗೊ ನಗರದಿಂದ ‘ಎಬೊನಿ’ ಎಂಬ ಸಚಿತ್ರ ಮಾಸಪತ್ರಿಕೆ ಹೊರಬಂದಿತು. ಅಚ್ಚು ಹಾಕಿದ 25,000 ಪ್ರತಿಗಳು ನೋಡನೋಡುತ್ತಿದ್ದಂತೆ ಖರ್ಚಾದವು. ಆ ದೇಶದ ದೊಡ್ಡ ಪತ್ರಿಕೆಗಳಲ್ಲಿ ಕಪ್ಪು ವರ್ಣದ ಮನುಷ್ಯನ ಚಿತ್ರ ಅಚ್ಚಾಗಬೇಕಾದರೆ ಆತ ಹೆಚ್ಚಾಗಿ ಅಪರಾಧಿಯಾಗಿರಬೇಕಿತ್ತು, ಇಲ್ಲವೇ ಆಟಗಾರನೋ ಗಾಯಕನೋ ಆಗಿರಬೇಕಿತ್ತು. ಮದುವೆಯಾಗುವ, ಮನೆ ಕಟ್ಟಿಕೊಳ್ಳುವ, ವೈದ್ಯರಾಗಿ ವಕೀಲರಾಗಿ ಹೆಸರು ಮಾಡುವ ಕಪ್ಪು ಕುಟುಂಬಗಳನ್ನು ಹೊಳಪಿನ ಕಾಗದದ ಮೇಲೆ ಪುಟತುಂಬ ತೋರಿಸುವ ಪತ್ರಿಕೆಗೆ ಓದುಗರು ಕಾದು ಕುಳಿತಿದ್ದರೆಂಬುದು ಮೊದಲ ಸಂಚಿಕೆಯಲ್ಲೇ ಸಾಬೀತಾಯಿತು. ಸಾಬೀತಾಗಬೇಕಿದ್ದದ್ದು ಇನ್ನೊಂದು. ಅಂಥ ಕಾಗದ ಮತ್ತು ಅಂಥ ಮುದ್ರಣದ ಖರ್ಚು ಪ್ರತಿ ಮಾರಿದ ಹಣದಿಂದ ಹುಟ್ಟುವಂತಿರಲಿಲ್ಲ, ಜಾಹೀರಾತು ಬೇಕಿತ್ತು. ಜಾಹೀರಾತು ಕೊಡುವ ದೊಡ್ಡ ಕಂಪನಿಗಳೆಲ್ಲ ಬಿಳಿಯರ ಕೈಯಲ್ಲಿದ್ದವು, ಮತ್ತು ಕಪ್ಪು ಓದುಗರು ತಮ್ಮ ಗ್ರಾಹಕರೂ ಹೌದೆಂಬುದು ಅವುಗಳ ಲೆಕ್ಕದಲ್ಲೇ ಇರಲಿಲ್ಲ.

ಈ ಪತ್ರಿಕೆಯ ಮಾಲೀಕ ಜಾನ್ ಎಚ್. ಜಾನ್ಸನ್ 1982ರಲ್ಲಿ ಫೋರ್ಬ್ಸ್ ಪತ್ರಿಕೆಯ ಅಮೆರಿಕದ 400 ಸಿರಿವಂತರ ಪಟ್ಟಿಗೆ ಸೇರಿದ ಮೊದಲ ಆಫ್ರಿಕನ್-ಅಮೆರಿಕನ್ ಆದರು. 2019ರ ಏಪ್ರಿಲ್‌ನಲ್ಲಿ ಅವರು ಕಟ್ಟಿದ ಜಾನ್ಸನ್ ಪಬ್ಲಿಷಿಂಗ್ ಕಂಪನಿ ದಿವಾಳಿ ಅರ್ಜಿ ಹಾಕಿ ಬಾಗಿಲು ಮುಚ್ಚಿತು. ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ ಬೆಳೆದ ಸಂಸ್ಥೆ, ಬಾಗಿಲುಗಳು ಅಷ್ಟಿಷ್ಟು ತೆರೆದ ಮೇಲೆ ಉಳಿಯಲಿಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ, ಕಪ್ಪು ಜನರನ್ನು ಬಿಳಿಯರಿಂದ ದೂರವಿಡುತ್ತಿದ್ದ ಪ್ರತ್ಯೇಕತೆ ಹೋದ ಮೇಲೆ ಪ್ರತ್ಯೇಕ ಪತ್ರಿಕೆಯ ಅಗತ್ಯವೂ ಹೋಯಿತು ಎಂಬುದು. ಅದು ಅರ್ಧ ಸತ್ಯ ಮಾತ್ರ ಎಂಬುದನ್ನು ಈ ಪ್ರಕರಣದ ವಿವರಗಳೇ ಹೇಳುತ್ತವೆ.

ಐನೂರು ಡಾಲರ್ ಮತ್ತು ಒಂದು ವಿಳಾಸಪಟ್ಟಿ

ಜಾನ್ಸನ್ ಹುಟ್ಟಿದ್ದು 1918ರಲ್ಲಿ, ಆರ್ಕನ್ಸಾ ರಾಜ್ಯದ ಆರ್ಕನ್ಸಾ ಸಿಟಿ ಎಂಬ ನದಿದಂಡೆಯ ಸಣ್ಣ ಊರಿನಲ್ಲಿ. ಮರ ಕೊಯ್ಯುವ ಗಿರಣಿಯ ಅಪಘಾತದಲ್ಲಿ ತಂದೆ ತೀರಿಕೊಂಡಾಗ ಅವರಿನ್ನೂ ಚಿಕ್ಕ ಹುಡುಗ. ಊರಿನಲ್ಲಿ ಕಪ್ಪು ಮಕ್ಕಳಿಗೆ ಪ್ರೌಢಶಾಲೆ ಇರಲಿಲ್ಲವಾದ್ದರಿಂದ, ಮಗ ಬೀದಿ ಅಲೆಯದಿರಲೆಂದು ತಾಯಿ ಗರ್ಟ್ರೂಡ್ ಎಂಟನೇ ತರಗತಿಯನ್ನೇ ಅವನಿಂದ ಎರಡನೇ ಸಲ ಓದಿಸಿದರು. ಅಡುಗೆ ಮಾಡಿ, ಬಟ್ಟೆ ಒಗೆದು ರೈಲಿನ ದುಡ್ಡು ಕೂಡಿಹಾಕಿ 1933ರಲ್ಲಿ ಮಗನೊಂದಿಗೆ ಶಿಕಾಗೊ ಸೇರಿದರು. ಮಹಾ ಆರ್ಥಿಕ ಕುಸಿತದ ದಿನಗಳವು. ತಾಯಿ-ಮಗ ಕೆಲಕಾಲ ಸರ್ಕಾರಿ ಪರಿಹಾರದ ಮೇಲೆಯೇ ಬದುಕಬೇಕಾಯಿತು. ಡೂಸೇಬಲ್ ಪ್ರೌಢಶಾಲೆ ಮುಗಿಸಿದ ಹುಡುಗನಿಗೆ ಕಪ್ಪು ಒಡೆತನದ ಸುಪ್ರೀಂ ಲಿಬರ್ಟಿ ಲೈಫ್ ವಿಮಾ ಕಂಪನಿಯ ಅಧ್ಯಕ್ಷ ಹ್ಯಾರಿ ಪೇಸ್ ಕೆಲಸ ಕೊಟ್ಟರು. ಪತ್ರಿಕೆಗಳನ್ನು ಓದಿ, ಕಪ್ಪು ಜನರಿಗೆ ಸಂಬಂಧಿಸಿದ ಸುದ್ದಿಗಳನ್ನು ಆಯ್ದು ಅಧ್ಯಕ್ಷರಿಗೆ ಸಾರಾಂಶ ಒಪ್ಪಿಸುವುದು ಆ ಕೆಲಸದ ಒಂದು ಭಾಗ. ಅಧ್ಯಕ್ಷರಿಗೆ ಬೇಕಾದ ಈ ಸಾರಾಂಶ ಊರ ಮಂದಿಗೂ ಬೇಕಾದೀತೆಂಬ ಯೋಚನೆಯಿಂದಲೇ 1942ರಲ್ಲಿ ‘ನೀಗ್ರೊ ಡೈಜೆಸ್ಟ್’ ಹುಟ್ಟಿತು.

ಬಂಡವಾಳ ಎಲ್ಲಿಂದ ಬರಬೇಕು? ಕಪ್ಪು ಯುವಕನ ಪತ್ರಿಕೆಗೆ ಬ್ಯಾಂಕು ಸಾಲ ಕೊಡುವ ಕಾಲವಲ್ಲ. ಒಂದು ಸಾಲ ಸಂಸ್ಥೆ ಒತ್ತೆಯಿಟ್ಟರೆ 500 ಡಾಲರ್ ಕೊಡಲು ಒಪ್ಪಿತು. ಒತ್ತೆಗೆ ಇದ್ದದ್ದು ತಾಯಿ ಆಗಷ್ಟೇ ಕಂತು ತೀರಿಸಿದ್ದ ಮನೆಯ ಪೀಠೋಪಕರಣ ಮಾತ್ರ. ಗರ್ಟ್ರೂಡ್ ತಕ್ಷಣ ಒಪ್ಪಲಿಲ್ಲ, ದೇವರಲ್ಲಿ ಕೇಳಿ ಹೇಳುತ್ತೇನೆಂದರು, ಕೆಲವು ದಿನಗಳ ನಂತರ ಒಪ್ಪಿದರು. ಆ ಹಣ ಹೋದದ್ದು ಅಂಚೆಚೀಟಿಗೆ. ಪೇಸ್ ಅವರ ಅನುಮತಿಯಿಂದ ವಿಮಾ ಕಂಪನಿಯ ವಿಳಾಸಪಟ್ಟಿಯಲ್ಲಿದ್ದ 20,000 ಪಾಲಿಸಿದಾರರಿಗೆ ಜಾನ್ಸನ್ ಪತ್ರ ಬರೆದು, ಎರಡು ಡಾಲರ್ ಮುಂಗಡ ಚಂದಾ ಕೇಳಿದರು. ಮೂರು ಸಾವಿರ ಮಂದಿ ಹಣ ಕಳುಹಿಸಿದರು, ಅಂದರೆ 6,000 ಡಾಲರ್. ಇನ್ನೂ ಅಚ್ಚಾಗದ ಪತ್ರಿಕೆಗೆ ಓದುಗರೇ ಬಂಡವಾಳ ಹೂಡಿದಂತಾಯಿತು. ಮುಂದೆ ಇದೇ ಜಾನ್ಸನ್ ಆ ವಿಮಾ ಕಂಪನಿಯ ಷೇರುಗಳನ್ನು ಕೊಳ್ಳುತ್ತ ಹೋಗಿ ಅದರ ಮುಖ್ಯಸ್ಥರ ಕುರ್ಚಿಯಲ್ಲೂ ಕುಳಿತರು.

ಪತ್ರಿಕೆ ಅಂಗಡಿಗೆ ಹೋಗಬೇಕಾದಾಗ ಇನ್ನೊಂದು ಗೋಡೆ ಎದುರಾಯಿತು. ಕಪ್ಪು ಪತ್ರಿಕೆಗಳನ್ನು ಕೇಳುವವರೇ ಇಲ್ಲವೆಂದು ಶಿಕಾಗೊದ ವಿತರಕ ಜೋಸೆಫ್ ಲೆವಿ ಕೈಚೆಲ್ಲಿದ್ದರು. ಜಾನ್ಸನ್ ವಾದಕ್ಕೆ ಹೋಗದೆ ತಮ್ಮ ಸಹೋದ್ಯೋಗಿಗಳನ್ನು ಅಂಗಡಿಯಿಂದ ಅಂಗಡಿಗೆ ಅಟ್ಟಿ ‘ನೀಗ್ರೊ ಡೈಜೆಸ್ಟ್ ಬಂತೇ’ ಎಂದು ಕೇಳಿಸಿದರು. ಬಂದ ಪ್ರತಿಗಳನ್ನು ಸ್ನೇಹಿತರಿಂದಲೇ ಕೊಳ್ಳಿಸಿದರು. ತಂತ್ರ ಕೆಲಸ ಮಾಡಿತು. ಮರುವರ್ಷ ಅಮೆರಿಕದ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್, ತಾವು ಕಪ್ಪು ಮಹಿಳೆಯಾಗಿದ್ದರೆ ಏನು ಮಾಡುತ್ತಿದ್ದೆನೆಂದು ಬರೆದ ಲೇಖನ ಅಚ್ಚಾದ ಮೇಲೆ ಪ್ರಸಾರ ಸಂಖ್ಯೆ ದುಪ್ಪಟ್ಟಾಗಿ ಲಕ್ಷ ಮುಟ್ಟಿತು. ಮಾರುಕಟ್ಟೆ ಇಲ್ಲವೆಂದವರಿಗೆ ಅಂಕಿಯಿಂದಲೇ ಉತ್ತರ ಕೊಡುವ ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಅಂಕಿಗೂ ಬಗ್ಗದವರನ್ನು ಬಗ್ಗಿಸಲು ಬೇರೆಯೇ ಬಗೆಯ ತಯಾರಿ ಬೇಕಾಗಿತ್ತು, ಅದಕ್ಕೆ ಝೆನಿತ್ ರೇಡಿಯೊ ಕಂಪನಿಯ ಪ್ರಸಂಗ ಉದಾಹರಣೆ.

ಝೆನಿತ್ ಕಚೇರಿಯ ಹಿಮಪಾದುಕೆ

‘ಎಬೊನಿ’ ಶುರುವಾಗಿ ಎರಡು ವರ್ಷ ಕಳೆದರೂ ದೊಡ್ಡ ಜಾಹೀರಾತುಗಳು ಬರಲಿಲ್ಲ. ನಷ್ಟ ತುಂಬಲು ಜಾನ್ಸನ್ ಅಂಚೆ ಮೂಲಕ ವಿಗ್ಗು, ವಿಟಮಿನ್ ಮಾತ್ರೆ ಮಾರುವ ಬೇರೊಂದು ವ್ಯಾಪಾರ ಆರಂಭಿಸಿ, ಅದರ ಜಾಹೀರಾತನ್ನು ತಮ್ಮ ಪತ್ರಿಕೆಯಲ್ಲೇ ಹಾಕಿಕೊಂಡರು. ಅದು ಹೊಟ್ಟೆಪಾಡಿನ ಉಪಾಯ. ದೊಡ್ಡ ಕಂಪನಿಯೊಂದನ್ನು ಒಲಿಸಿಕೊಳ್ಳದೆ ಗತಿಯಿಲ್ಲವೆಂದು ನಿರ್ಧರಿಸಿ ಅವರು ಕಣ್ಣಿಟ್ಟದ್ದು ಝೆನಿತ್ ಮೇಲೆ; ಏಕೆಂದರೆ ಕಪ್ಪು ಜನರ ಮನೆಗಳಲ್ಲಿ ಝೆನಿತ್ ರೇಡಿಯೊಗಳು ಸಾಕಷ್ಟಿದ್ದವು. ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್ ಅವರಿಗೆ ಜಾಹೀರಾತಿನ ಬಗ್ಗೆ ಮಾತನಾಡಬೇಕೆಂದು ಪತ್ರ ಬರೆದಾಗ, ಜಾಹೀರಾತು ತಮ್ಮ ಇಲಾಖೆಯಲ್ಲವೆಂಬ ಉತ್ತರ ಬಂತು. ಹಾಗಾದರೆ ಜಾಹೀರಾತಿನ ನೀತಿಯ ಬಗ್ಗೆ ಮಾತನಾಡೋಣ, ನೀತಿ ನಿಮ್ಮದೇ ಅಲ್ಲವೇ ಎಂದು ಜಾನ್ಸನ್ ಮತ್ತೆ ಬರೆದರು. ಭೇಟಿಗೆ ಸಮಯ ಸಿಕ್ಕಿತು, ಜಾಹೀರಾತು ಕೇಳಿದರೆ ಮಾತು ಅಲ್ಲಿಗೇ ಮುಗಿಯುವುದೆಂಬ ಷರತ್ತಿನೊಂದಿಗೆ.

ಭೇಟಿಗೆ ಮೊದಲು ಜಾನ್ಸನ್ ಆ ಮನುಷ್ಯನ ಬದುಕನ್ನು ಓದಿಕೊಂಡರು. ಮೆಕ್‌ಡೊನಾಲ್ಡ್ 1925ರ ಆರ್ಕ್‌ಟಿಕ್ ಯಾನದಲ್ಲಿ ಭಾಗವಹಿಸಿದ್ದವರು. 1909ರಲ್ಲಿ ರಾಬರ್ಟ್ ಪೀರಿಯೊಂದಿಗೆ ಉತ್ತರ ಧ್ರುವದತ್ತ ಹೋದ ತಂಡದಲ್ಲಿ ಮ್ಯಾಥ್ಯೂ ಹೆನ್ಸನ್ ಎಂಬ ಕಪ್ಪು ಅನ್ವೇಷಕರಿದ್ದರು. ಪೀರಿಗೆ ಕೀರ್ತಿ ಸಿಕ್ಕಿತ್ತು, ಹೆನ್ಸನ್ ಬಹುಕಾಲ ಮರೆಗೆ ಸರಿದಿದ್ದರು. ಜಾನ್ಸನ್ ನ್ಯೂಯಾರ್ಕಿನಲ್ಲಿದ್ದ ವೃದ್ಧ ಹೆನ್ಸನ್ ಅವರಿಂದ ಅವರ ಪುಸ್ತಕವೊಂದಕ್ಕೆ ಮೆಕ್‌ಡೊನಾಲ್ಡ್ ಹೆಸರಿಗೆ ಸಹಿ ಹಾಕಿಸಿ ತರಿಸಿದರು. ‘ಎಬೊನಿ’ಯ ಒಂದು ಸಂಚಿಕೆಯಲ್ಲಿ ಹೆನ್ಸನ್ ಬಗ್ಗೆ ಲೇಖನವನ್ನೂ ಹಾಕಿಸಿದರು. ಕಚೇರಿಯಲ್ಲಿ ಮೆಕ್‌ಡೊನಾಲ್ಡ್ ಗೋಡೆಯ ಮೇಲಿನ ಹಿಮಪಾದುಕೆಗಳನ್ನು ತೋರಿಸಿ, ಇವು ಹೆನ್ಸನ್ ಕೊಟ್ಟವು, ಆತನ ಪುಸ್ತಕ ಓದಿದ್ದೀರಾ ಎಂದು ಕೇಳಿದರಂತೆ. ಸಹಿಯಿದ್ದ ಪುಸ್ತಕ ಮೇಜಿನ ಮೇಲೆ ಬಂತು. ಪತ್ರಿಕೆಯ ಪುಟ ತಿರುವುತ್ತ, ಹೆನ್ಸನ್ ಅಂಥವರ ಬಗ್ಗೆ ಇದರಲ್ಲಿ ಬರಬೇಕಲ್ಲವೇ ಎಂದಾಗ ಲೇಖನವೂ ಕಣ್ಣೆದುರಿಗೆ ಬಂತು. ಆ ದಿನವೇ ಝೆನಿತ್ ಜಾಹೀರಾತು ಒಪ್ಪಿತು. ಅಷ್ಟೇ ಅಲ್ಲದೆ ಮೆಕ್‌ಡೊನಾಲ್ಡ್ ತಮ್ಮ ಪರಿಚಯದ ಇತರ ಕಂಪನಿ ಮುಖ್ಯಸ್ಥರಿಗೂ ಹೇಳಿ ಜಾನ್ಸನ್‌ಗೆ ಬಾಗಿಲು ತೆರೆಸಿದರು.

ಜಾನ್ಸನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡ ಈ ಪ್ರಸಂಗವನ್ನು ಮಾರಾಟ ಕಲೆಯ ಪಾಠವಾಗಿ ಹೇಳುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ: ಲಕ್ಷಾಂತರ ಓದುಗರಿದ್ದ ಪತ್ರಿಕೆಯೊಂದು, ಇತರರಿಗೆ ದರಪಟ್ಟಿ ಕಳುಹಿಸಿದರೆ ಸಿಗುವಂಥದ್ದನ್ನು ಪಡೆಯಲು, ಒಬ್ಬ ವ್ಯಕ್ತಿಯ ಹವ್ಯಾಸವನ್ನು ಪತ್ತೆ ಮಾಡಿ, ಅದಕ್ಕೆ ಹೊಂದುವ ಸಂಚಿಕೆಯನ್ನೇ ಸಿದ್ಧಪಡಿಸಿಕೊಂಡು ಹೋಗಬೇಕಾಯಿತು. ಸ್ಪರ್ಧಿಗಳು ಕಟ್ಟದ ತೆರಿಗೆಯಿದು. ಕಟ್ಟಡ ಕೊಳ್ಳುವಾಗಲೂ ಅದೇ ಕಥೆ. 1949ರಲ್ಲಿ ಸೌತ್ ಮಿಶಿಗನ್ ಅವೆನ್ಯೂದ ಕಟ್ಟಡವೊಂದನ್ನು ಬಿಳಿಯ ವಕೀಲರೊಬ್ಬರ ಮೂಲಕ ಕೊಳ್ಳಬೇಕಾಯಿತು, ಮತ್ತು ಕೊಳ್ಳಲಿರುವ ಆಸ್ತಿಯನ್ನು ಒಳಗೆ ಹೋಗಿ ನೋಡಲು ಜಾನ್ಸನ್ ಕಸ ಗುಡಿಸುವವನ ವೇಷ ಹಾಕಬೇಕಾಯಿತು. 1972ರಲ್ಲಿ ಅದೇ ರಸ್ತೆಯ 820ನೇ ನಂಬರಿನಲ್ಲಿ, ಕಪ್ಪು ವಾಸ್ತುಶಿಲ್ಪಿ ಜಾನ್ ಮೂಟುಸಾಮಿ ವಿನ್ಯಾಸಗೊಳಿಸಿದ ಹನ್ನೊಂದು ಅಂತಸ್ತಿನ ಸ್ವಂತ ಕಟ್ಟಡ ಎದ್ದಾಗ ಆ ವೇಷದ ನೆನಪು ಅವರಿಗೆ ಇದ್ದೇ ಇದ್ದಿರಬೇಕು.

‘ಜೆಟ್’ ಅಚ್ಚು ಹಾಕಿದ ಚಿತ್ರ

1951ರ ನವೆಂಬರ್‌ನಲ್ಲಿ ಕಂಪನಿ ‘ಜೆಟ್’ ಎಂಬ ಅಂಗೈಯಗಲದ ವಾರಪತ್ರಿಕೆ ತಂದಿತು. ಕ್ಷೌರದಂಗಡಿ, ಕೇಶಾಲಂಕಾರದ ಅಂಗಡಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಈ ಪುಟ್ಟ ಪತ್ರಿಕೆ 1955ರ ಸೆಪ್ಟೆಂಬರ್ 15ರ ಸಂಚಿಕೆಯಲ್ಲಿ ಅಮೆರಿಕದ ಇತಿಹಾಸವನ್ನೇ ಅಲುಗಾಡಿಸಿತು. ಶಿಕಾಗೊದ 14 ವರ್ಷದ ಎಮೆಟ್ ಟಿಲ್ ಬೇಸಿಗೆ ರಜೆಗೆಂದು ಮಿಸಿಸಿಪ್ಪಿಯ ಬಂಧುಗಳ ಮನೆಗೆ ಹೋಗಿದ್ದ. ಅಂಗಡಿಯ ಬಿಳಿಯ ಹೆಂಗಸಿನೊಂದಿಗೆ ಸಲುಗೆಯಿಂದ ನಡೆದುಕೊಂಡನೆಂಬ ಆರೋಪದ ಮೇಲೆ ಆಗಸ್ಟ್ 28ರ ರಾತ್ರಿ ಅವನನ್ನು ಎಳೆದೊಯ್ದು ಕೊಂದು ಟ್ಯಾಲಹಾಚಿ ನದಿಗೆ ಎಸೆದರು. ಗುರುತು ಸಿಗದಂತಾಗಿದ್ದ ಮುಖವನ್ನು ಮುಚ್ಚಿಡಲು ತಾಯಿ ಮೇಮಿ ಒಪ್ಪಲಿಲ್ಲ. ಶವಪೆಟ್ಟಿಗೆ ತೆರೆದೇ ಇರಲಿ, ತನ್ನ ಮಗನಿಗೆ ಏನು ಮಾಡಿದರೆಂದು ಲೋಕ ನೋಡಲಿ ಎಂದರು. ಶಿಕಾಗೊದ ಚರ್ಚಿನಲ್ಲಿ ಸಾವಿರಾರು ಜನ ಸಾಲುಗಟ್ಟಿ ನೋಡಿದರು.

ಕಂಪನಿಯ ಛಾಯಾಗ್ರಾಹಕ ಡೇವಿಡ್ ಜ್ಯಾಕ್ಸನ್ ತೆಗೆದ ಚಿತ್ರ ಮೇಜಿಗೆ ಬಂದಾಗ ಸಂಪಾದಕೀಯ ಸಿಬ್ಬಂದಿಯಲ್ಲೇ ಹಿಂಜರಿಕೆ ಇತ್ತು, ಜಾನ್ಸನ್ ಅವರಿಗೂ ಇತ್ತು. ನಡೆದದ್ದನ್ನು ಅಚ್ಚು ಹಾಕುವುದು ತಮ್ಮ ಹೊಣೆಯೆಂದು ಅವರು ಕೊನೆಗೆ ತೀರ್ಮಾನಿಸಿದರು. ಸಂಚಿಕೆ ಖಾಲಿಯಾಗಿ ಮರುಮುದ್ರಣ ಕಂಡಿತು. ದೊಡ್ಡ ಬಿಳಿಯ ಪತ್ರಿಕೆಗಳು ಆ ಚಿತ್ರವನ್ನು ಹಾಕಲಿಲ್ಲ. ಬಿಳಿಯರೇ ತುಂಬಿದ್ದ ತೀರ್ಪುಗಾರರ ಮಂಡಳಿ ಒಂದು ಗಂಟೆಯ ಆಸುಪಾಸಿನಲ್ಲೇ ಆರೋಪಿಗಳನ್ನು ಖುಲಾಸೆ ಮಾಡಿತು. ಅದೇ ಡಿಸೆಂಬರ್‌ನಲ್ಲಿ ಮಾಂಟ್‌ಗೊಮೆರಿಯಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಸೀಟು ಬಿಟ್ಟುಕೊಡಲು ನಿರಾಕರಿಸಿದರು. ಮುಂದೆ ನಾಗರಿಕ ಹಕ್ಕುಗಳ ಚಳವಳಿಗೆ ಧುಮುಕಿದ ಒಂದು ಇಡೀ ತಲೆಮಾರು ‘ಜೆಟ್‌’ನ ಆ ಪುಟವನ್ನು ನೆನೆಯುತ್ತದೆ. ಜಾಹೀರಾತುದಾರರನ್ನು ಅಷ್ಟು ಕಷ್ಟಪಟ್ಟು ಒಲಿಸಿಕೊಂಡಿದ್ದ ಮಾಲೀಕ, ಅವರಲ್ಲಿ ಯಾರಿಗೂ ಹಿತವಾಗದ ಚಿತ್ರವೊಂದನ್ನು ಹಾಕಿದರೆಂಬುದನ್ನು ಜಾನ್ಸನ್ ಬರೀ ವ್ಯಾಪಾರಿಯೆಂದು ಹಳಿಯುವವರು ಗಮನಿಸಬೇಕು.

ಹಳಿಯುವವರೂ ಸುಳ್ಳು ಹೇಳುತ್ತಿರಲಿಲ್ಲ. ಸಮಾಜಶಾಸ್ತ್ರಜ್ಞ ಇ. ಫ್ರ್ಯಾಂಕ್ಲಿನ್ ಫ್ರೇಜಿಯರ್ 1950ರ ದಶಕದಲ್ಲೇ, ಕಪ್ಪು ಮಧ್ಯಮ ವರ್ಗಕ್ಕೆ ಹುಸಿ ವೈಭವದ ಲೋಕವೊಂದನ್ನು ಕಟ್ಟಿಕೊಡುವ ಪತ್ರಿಕೆಗಳನ್ನು ಟೀಕಿಸುವಾಗ ‘ಎಬೊನಿ’ಯನ್ನೂ ಬಿಟ್ಟಿರಲಿಲ್ಲ. ಕಪ್ಪು ಬಣ್ಣದ ಹೆಮ್ಮೆ ಸಾರುವ ಪತ್ರಿಕೆಯಲ್ಲೇ ಚರ್ಮ ಬೆಳ್ಳಗಾಗಿಸುವ ಕ್ರೀಮಿನ ಜಾಹೀರಾತುಗಳಿದ್ದವು. ಸಿಗರೇಟು, ಮದ್ಯದ ಜಾಹೀರಾತುಗಳಿಗಂತೂ ಬರವಿರಲಿಲ್ಲ. ಇದೇ ಪತ್ರಿಕೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ ಬರೆದರು, ಭಾರತದ ಪ್ರವಾಸ ಮುಗಿಸಿ ಹೋದ ಮೇಲೆ ಗಾಂಧೀಜಿಯ ನಾಡಿನ ಬಗ್ಗೆ 1959ರ ಜುಲೈ ಸಂಚಿಕೆಯಲ್ಲಿ ಬರೆದರು. ಸಂಪಾದಕ ಲೆರೋನ್ ಬೆನೆಟ್ ಶಾಲಾಪುಸ್ತಕಗಳು ಬಿಟ್ಟಿದ್ದ ಕಪ್ಪು ಇತಿಹಾಸವನ್ನು ಕಂತುಕಂತಾಗಿ ಮನೆಮನೆಗೆ ತಲುಪಿಸಿದರು. 1965ರ ಆಗಸ್ಟ್ ಸಂಚಿಕೆಯಂತೂ, ‘ನೀಗ್ರೊ ಸಮಸ್ಯೆ’ಯ ಮಾತನ್ನು ತಿರುವಿಹಾಕಿ ಬಿಳಿಯರ ಸಮಸ್ಯೆಗೇ ಮೀಸಲಾಗಿತ್ತು. 1968ರಲ್ಲಿ ಕಿಂಗ್ ಅಂತ್ಯಕ್ರಿಯೆಯಲ್ಲಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಕೊರೆಟಾ ಕಿಂಗ್ ಅವರ ಚಿತ್ರ ತೆಗೆದದ್ದು ಕಂಪನಿಯ ಛಾಯಾಗ್ರಾಹಕ ಮನೆಟಾ ಸ್ಲೀಟ್. ಅದಕ್ಕೆ 1969ರ ಪುಲಿಟ್ಜರ್ ಪ್ರಶಸ್ತಿ ಬಂತು.

ವ್ಯಾಪಾರದ ಇನ್ನೊಂದು ಕಾಲು ಜಾನ್ಸನ್ ಅವರ ಪತ್ನಿ ಯೂನಿಸ್. ಪತ್ರಿಕೆಗೆ ‘ಎಬೊನಿ’ ಎಂದು ಹೆಸರಿಟ್ಟವರೂ ಅವರೇ. 1958ರಿಂದ ಊರೂರು ಸುತ್ತಿದ ‘ಎಬೊನಿ ಫ್ಯಾಷನ್ ಫೇರ್’ ಪ್ರದರ್ಶನಕ್ಕೆ ಅವರು ಪ್ಯಾರಿಸ್, ಮಿಲಾನ್‌ಗಳ ಉಡುಪುಗಳನ್ನು ಖರೀದಿಸಿ ತರುತ್ತಿದ್ದರು. ಕಪ್ಪು ಮಹಿಳೆಗೆ ಮಾರಲು ಮೂಗು ಮುರಿದ ವಿನ್ಯಾಸಕರೂ ಇದ್ದರು. ಟಿಕೆಟಿನ ಬೆಲೆಯಲ್ಲೇ ಪತ್ರಿಕೆಯ ಚಂದಾ ಸೇರಿಸಿದ್ದು ಜಾಣತನ, ಉಳಿದ ಹಣ ಸ್ಥಳೀಯ ದತ್ತಿಕಾರ್ಯಗಳಿಗೆ ಹೋಗುತ್ತಿತ್ತು, ಒಟ್ಟು ಐದು ಕೋಟಿ ಡಾಲರಿಗೂ ಮಿಕ್ಕಿ. ತಮ್ಮ ಮೈಬಣ್ಣಕ್ಕೆ ಹೊಂದುವ, ಮುಖಕ್ಕೆ ಹಚ್ಚುವ ಫೌಂಡೇಶನ್ ಸಿಗದೆ ಮಾಡೆಲ್‌ಗಳು ಎರಡು ಮೂರು ಬಣ್ಣ ಬೆರೆಸಿಕೊಳ್ಳುವುದನ್ನು ದಂಪತಿ ನೋಡಿದರು, ದೊಡ್ಡ ಪ್ರಸಾಧನ ಕಂಪನಿಗಳನ್ನು ಕೇಳಿದರು, ಅವು ಆಸಕ್ತಿ ತೋರದಿದ್ದಾಗ 1973ರಲ್ಲಿ ತಾವೇ ತಯಾರಿಸಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಮಾರಿದರು.

ಇಳಿಜಾರು

ನಗರಗಳ ಜನಾಂಗೀಯ ಗಲಭೆಗಳ ತನಿಖೆಗೆ ಸರ್ಕಾರ ನೇಮಿಸಿದ್ದ ಕರ್ನರ್ ಆಯೋಗದ 1968ರ ವರದಿ ಅಮೆರಿಕದ ಪತ್ರಿಕೋದ್ಯಮ ಬಿಳಿಯರ ಕಣ್ಣಿನಿಂದಲೇ ಲೋಕವನ್ನು ನೋಡುತ್ತಿದೆಯೆಂದು ಛೀಮಾರಿ ಹಾಕಿದ ಮೇಲೆ ದೊಡ್ಡ ಪತ್ರಿಕೆಗಳು, ಟಿ.ವಿ. ಸಂಸ್ಥೆಗಳು ಕಪ್ಪು ವರದಿಗಾರರನ್ನು ಸೇರಿಸಿಕೊಳ್ಳತೊಡಗಿದವು. 1970ರಲ್ಲಿ ‘ಎಸೆನ್ಸ್’ ಮತ್ತು ‘ಬ್ಲ್ಯಾಕ್ ಎಂಟರ್‌ಪ್ರೈಸ್’ ಪತ್ರಿಕೆಗಳು, 1980ರಲ್ಲಿ ಬಿಇಟಿ ಟಿ.ವಿ. ವಾಹಿನಿ ಬಂದು ಕಪ್ಪು ಓದುಗ-ನೋಡುಗರನ್ನು ಹಂಚಿಕೊಂಡವು. ಪ್ರತ್ಯೇಕತೆ ಹೋದದ್ದೇ ಕಾರಣವೆನ್ನುವವರು ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಆದರೆ ಇದೆಲ್ಲ ಆದ ಮೇಲೂ ‘ಎಬೊನಿ’ ದಶಕಗಳ ಕಾಲ ಗಟ್ಟಿಯಾಗಿಯೇ ನಡೆಯಿತು. ಮಾಲೀಕ ಫೋರ್ಬ್ಸ್ ಪಟ್ಟಿ ಸೇರಿದ್ದು, 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೈಯಿಂದ ಸ್ವಾತಂತ್ರ್ಯ ಪದಕ ಪಡೆದದ್ದು ಈ ಅವಧಿಯಲ್ಲೇ. ಸ್ಪರ್ಧೆಯೇ ಕೊಂದಿದ್ದರೆ ಅಷ್ಟು ತಡವಾಗಿ ಕೊಲ್ಲುತ್ತಿರಲಿಲ್ಲ.

ನನ್ನ ಓದಿನಲ್ಲಿ ನಿಜವಾದ ದೌರ್ಬಲ್ಯ ಸಂಸ್ಥೆಯ ಹುಟ್ಟಿನಲ್ಲೇ ಇತ್ತು. ಬ್ಯಾಂಕುಗಳು ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಬೆಳೆದ ಜಾನ್ಸನ್ ಹೊರಗಿನ ಬಂಡವಾಳವನ್ನು ನಂಬಲಿಲ್ಲ. ಕಂಪನಿ ಪೂರ್ತಿಯಾಗಿ ಕುಟುಂಬದ ಕೈಯಲ್ಲೇ ಇತ್ತು, ನಿರ್ಧಾರಗಳೆಲ್ಲ ಅವರೊಬ್ಬರ ಮೇಜಿನಿಂದಲೇ ಹೊರಡುತ್ತಿದ್ದವು. ಆರಂಭದಲ್ಲಿ ಅದು ಅನಿವಾರ್ಯ, ಮಧ್ಯದಲ್ಲಿ ಶಕ್ತಿ, ಕೊನೆಯಲ್ಲಿ ಉರುಳು. 2005ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಾಗ ಕಾಗದದ ಪತ್ರಿಕೆಗಳಿಗೇ ಗ್ರಹಣ ಹಿಡಿಯುತ್ತಿತ್ತು; ಮೂರು ವರ್ಷದಲ್ಲಿ ಆರ್ಥಿಕ ಕುಸಿತವೂ ಬಂದಿತು. ಇಂಟರ್ನೆಟ್ಟಿಗೆ ಹೊರಳಲು ಬೇಕಾದ ದೊಡ್ಡ ಹಣ ಸಂಸ್ಥೆಯಲ್ಲಿರಲಿಲ್ಲ, ಅದನ್ನು ಹೊರಗಿನಿಂದ ತಂದು ಅಭ್ಯಾಸವೂ ಇರಲಿಲ್ಲ. ಮಗಳು ಲಿಂಡಾ ಜಾನ್ಸನ್ ರೈಸ್ ಕಾಲದಲ್ಲಿ ಫ್ಯಾಷನ್ ಫೇರ್ ನಿಂತಿತು, 2010ರಲ್ಲಿ ಕಟ್ಟಡ ಕೊಲಂಬಿಯಾ ಕಾಲೇಜಿನ ಪಾಲಾಯಿತು, 2011ರಲ್ಲಿ ಜೆಪಿಮಾರ್ಗನ್ ಚೇಸ್ ಬ್ಯಾಂಕು ಕಂಪನಿಯ ಅಲ್ಪಪಾಲು ಕೊಂಡಿತು, 2014ರಲ್ಲಿ ‘ಜೆಟ್’ ಮುದ್ರಣ ನಿಂತಿತು, 2016ರಲ್ಲಿ ಎರಡೂ ಪತ್ರಿಕೆಗಳು ಟೆಕ್ಸಸ್‌ನ ಕ್ಲಿಯರ್ ವ್ಯೂ ಗ್ರೂಪ್ ಎಂಬ ಹೂಡಿಕೆ ಸಂಸ್ಥೆಗೆ ಹೋದವು. ಹೊಸ ಒಡೆತನದಲ್ಲಿ ಹವ್ಯಾಸಿ ಲೇಖಕರ ಸಂಭಾವನೆ ಬಾಕಿ ಉಳಿದು, 2017ರಲ್ಲಿ ಲೇಖಕರ ಸಂಘ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಮಾರದೆ ಉಳಿಸಿಕೊಂಡಿದ್ದವುಗಳಲ್ಲಿ ಒಂದು ಚಿತ್ರಸಂಗ್ರಹ. ಏಳು ದಶಕಗಳ ಪ್ರಿಂಟು, ನೆಗೆಟಿವ್‌ಗಳು, ಒಟ್ಟು 40 ಲಕ್ಷಕ್ಕೂ ಹೆಚ್ಚು. ಜೀವಮಾನವಿಡೀ ಸಾಲಕ್ಕೆ ಹೆದರಿದ ಮನುಷ್ಯನ ಕಂಪನಿ ಕೊನೆಗೆ ಅದನ್ನೇ ಒತ್ತೆಯಿಟ್ಟು 2015ರಲ್ಲಿ ಸಾಲ ಎತ್ತಿತು. ಸಾಲ ಕೊಟ್ಟದ್ದು ಚಿತ್ರ ನಿರ್ಮಾಪಕ ಜಾರ್ಜ್ ಲೂಕಸ್ ಮತ್ತು ಅವರ ಪತ್ನಿ, ಹೂಡಿಕೆ ತಜ್ಞೆ ಮೆಲೊಡಿ ಹಾಬ್ಸನ್ ಅವರ ಕಂಪನಿ. ದಿವಾಳಿಯ ಹೊತ್ತಿಗೆ 1.36 ಕೋಟಿ ಡಾಲರ್ ಬಾಕಿಯಿತ್ತು. 2019ರ ಜುಲೈ ಹರಾಜಿನಲ್ಲಿ ಫೋರ್ಡ್, ಮೆಕಾರ್ಥರ್, ಮೆಲನ್ ಪ್ರತಿಷ್ಠಾನಗಳು ಮತ್ತು ಗೆಟಿ ಟ್ರಸ್ಟ್ ಕೈಜೋಡಿಸಿ ಸಂಗ್ರಹವನ್ನು 3 ಕೋಟಿ ಡಾಲರಿಗೆ ಕೊಂಡವು. ಖಾಸಗಿ ಸಂಗ್ರಾಹಕನೊಬ್ಬನ ಕಪಾಟಿಗೆ ಸೇರದೆ, ಸ್ಮಿತ್‌ಸೋನಿಯನ್‌ನ ಆಫ್ರಿಕನ್-ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿ ಸಂಗ್ರಹಾಲಯಕ್ಕೂ ಗೆಟಿ ಸಂಶೋಧನಾ ಸಂಸ್ಥೆಗೂ ಜಂಟಿಯಾಗಿ ಅದು ಸಿಗಬೇಕೆಂಬುದು ಅವುಗಳ ಉದ್ದೇಶ. 2022ರಲ್ಲಿ ಹಸ್ತಾಂತರ ಮುಗಿಯಿತು.

ಪತ್ರಿಕೆಗಳ ಹೆಸರು ಬೇರೆ ದಾರಿ ಹಿಡಿಯಿತು. ಕ್ಲಿಯರ್ ವ್ಯೂ ಕೈಯಲ್ಲೂ ನಿಲ್ಲದೆ ‘ಎಬೊನಿ’ ಮತ್ತೊಂದು ದಿವಾಳಿ ಪ್ರಕ್ರಿಯೆಗೆ ಸಿಲುಕಿತು. 2020ರ ಕೊನೆಯಲ್ಲಿ ‘ಎಬೊನಿ’, ‘ಜೆಟ್’ಗಳನ್ನು 1.4 ಕೋಟಿ ಡಾಲರಿಗೆ ಕೊಂಡವರು ಯುಲಿಸಿಸ್ ‘ಜೂನಿಯರ್’ ಬ್ರಿಜ್‌ಮನ್: ಮಿಲ್ವಾಕಿ ಬಕ್ಸ್ ತಂಡದ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ, ಆಟ ನಿಲ್ಲಿಸಿದ ಮೇಲೆ ವೆಂಡೀಸ್ ಹೋಟೆಲುಗಳು ಮತ್ತು ಕೋಕಾ-ಕೋಲಾ ಬಾಟ್ಲಿಂಗ್ ವ್ಯವಹಾರದಲ್ಲಿ ಸಂಪತ್ತು ಗಳಿಸಿದವರು. 2025ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಜೀವಂತ ಪತ್ರಿಕೆಗಳೆರಡರ ಹೆಸರಿಗೆ ಸಿಕ್ಕಿದ್ದು, ಹಳೆಯ ಚಿತ್ರಗಳಿಗೆ ಸಿಕ್ಕ ಬೆಲೆಯ ಅರ್ಧಕ್ಕಿಂತ ಕಡಿಮೆ. ಜಾಹೀರಾತು ಪುಟಗಳ ನಡುವೆ ಜಾಗ ತುಂಬಲೆಂದು ತೆಗೆಸಿದ ಚಿತ್ರಗಳೇ, ಆ ಪುಟಗಳ ಆದಾಯಕ್ಕಿಂತ ಗಟ್ಟಿಯಾದ ಆಸ್ತಿಯಾಗಿ ಉಳಿದವು. ಅಂಥ ಸಂಗ್ರಹವನ್ನು ಬಾಡಿಗೆಗೆ, ಪುಸ್ತಕಕ್ಕೆ, ಪ್ರದರ್ಶನಕ್ಕೆ ಕೊಟ್ಟು ವರ್ಷವರ್ಷವೂ ವರಮಾನ ತರುವ ವಿಭಾಗವಾಗಿ 1990ರ ದಶಕದಲ್ಲೇ, ಕೈಯಲ್ಲಿ ಹಣವಿದ್ದಾಗಲೇ, ಬೆಳೆಸಿದ್ದರೆ ಅದನ್ನು ಒತ್ತೆಯಿಡುವ ಪ್ರಮೇಯವೇ ಬರುತ್ತಿರಲಿಲ್ಲವೆಂಬುದು ನನ್ನ ಅಂದಾಜು.